ಕಪ್ಪೆ, ಎರೆಹುಳು ಮತ್ತು ಒಂದು ಬಿ.ಎಸ್ಸಿ. ಪದವಿ

ಹೈಸ್ಕೂಲು ಶಿಕ್ಷಕರ ನೇಮಕಾತಿ ಅಧಿಸೂಚನೆ ಹೊರಬಿದ್ದಾಗ ಅದರಲ್ಲಿ ವಿಜ್ಞಾನದ ಹುದ್ದೆಗಳು ಎರಡು ಪಂಗಡವಾಗಿ ಕಾಣುತ್ತವೆ. ಒಂದು ಪಿಸಿಎಂ, ಇನ್ನೊಂದು ಸಿಬಿಝಡ್. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವರಿಗೆ ಎರಡನೆಯದು. ಕರ್ನಾಟಕದ ಊರೂರುಗಳ ಶಾಲೆಗಳಲ್ಲಿ ಮಕ್ಕಳಿಗೆ ದಾಸವಾಳದ ಹೂ ಬಿಡಿಸಿ ತೋರಿಸಿದವರು, ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದವರು ಬಹುಪಾಲು ಈ ಪದವಿಯಿಂದ ಬಂದವರೇ. ಹಾಗಿದ್ದೂ ಮೆಡಿಕಲ್ ಸೀಟು ಸಿಗದವರು ಸೇರುವ ಕೋರ್ಸು ಎಂಬ ಮಾತು ಈ ಪದವಿಯ ಬೆನ್ನು ಬಿಟ್ಟಿಲ್ಲ. ಮನೆಗೆ ಬಂದ ನೆಂಟರು ಹುಡುಗಿಯನ್ನು "ಬಿ.ಎಸ್ಸಿ.ನಾ? ನೀಟ್ ಆಗಲಿಲ್ವೇನಮ್ಮಾ?" ಎಂದು ಕೇಳಿಯೇ ಕಾಫಿ ಲೋಟ ಕೈಗೆತ್ತಿಕೊಳ್ಳುವುದು.

ಈ ಮಾತು ನನ್ನನ್ನು ಬಹಳ ಕಾಲದಿಂದ ನೋಯಿಸಿದೆ. ಸರ್ಕಾರಿ ವಿಶ್ವವಿದ್ಯಾನಿಲಯದ ಜೀವವಿಜ್ಞಾನ ಪದವಿ ಯಾವುದೋ ಬೇರೆ ಓಟದಲ್ಲಿ ಸೋತವರಿಗೆಂದು ಕಟ್ಟಿದ ತಂಗುದಾಣವಲ್ಲ. ಅದನ್ನು ಕಟ್ಟಿದವರಿಗೆ ಒಂದು ಸ್ಪಷ್ಟ ನಂಬಿಕೆ ಇತ್ತು: ಜೀವಿಯನ್ನು ಕೈಯಲ್ಲಿ ಹಿಡಿದು, ಕಣ್ಣಾರೆ ನೋಡಿ, ಪೆನ್ಸಿಲಿನಲ್ಲಿ ಬರೆದಾಗ ಮಾತ್ರ ಅದು ತಿಳಿಯುತ್ತದೆ. ನಮ್ಮ ಕಾಲೇಜುಗಳ ಪ್ರಾಕ್ಟಿಕಲ್ ತರಗತಿಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ. ಅದು ಎಲ್ಲಿಂದ ಬಂತು, ಇಲ್ಲಿ ಯಾರ ಕೈಯಲ್ಲಿ ಬೇರುಬಿಟ್ಟಿತು, ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡಹೊರಟರೆ ದಾರಿಯುದ್ದಕ್ಕೂ ಎದುರಾಗುವುದು ಕಪ್ಪೆ.

ಬಿ.ಎಸ್ಸಿ. ಎಂಬ ಪದವಿಯನ್ನು ಮೊದಲು ಕೊಟ್ಟದ್ದು ಲಂಡನ್ ವಿಶ್ವವಿದ್ಯಾನಿಲಯ, 1860ರಲ್ಲಿ. ಪದವಿಯೇನೋ ಬಂತು, ಆದರೆ ಆ ಕಾಲದಲ್ಲಿ ಜೀವವಿಜ್ಞಾನ ಕಲಿಯುವುದೆಂದರೆ ಮೇಷ್ಟರು ಹೇಳಿದ್ದನ್ನು ಕೇಳುವುದು, ಪುಸ್ತಕ ಓದುವುದು, ವಸ್ತುಸಂಗ್ರಹಾಲಯದ ಗಾಜಿನಾಚೆಯ ಮಾದರಿಗಳನ್ನು ನೋಡುವುದು. ಇದನ್ನು ಬದಲಿಸಿದವರು ಥಾಮಸ್ ಹೆನ್ರಿ ಹಕ್ಸ್ಲಿ. ಡಾರ್ವಿನ್ನನ ಪರವಾಗಿ ಸಭೆಗಳಲ್ಲಿ ವಾದಿಸಿದವರೆಂದು ನಮ್ಮ ಪುಸ್ತಕಗಳು ಅವರನ್ನು ನೆನೆಯುತ್ತವೆ. ಮೇಷ್ಟರಾಗಿ ಅವರು ಮಾಡಿದ ಕೆಲಸ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು. 1871ರ ಬೇಸಿಗೆಯಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಅವರು ಶಾಲಾ ಶಿಕ್ಷಕರಿಗಾಗಿ ಒಂದು ತರಗತಿ ನಡೆಸಿದರು. ಬೆಳಿಗ್ಗೆ ಪಾಠ ಕೇಳಿದ್ದನ್ನು ಆಮೇಲೆ ಲ್ಯಾಬಿನಲ್ಲಿ ಪ್ರತಿಯೊಬ್ಬರೂ ಸ್ವತಃ ಬಿಡಿಸಿ ನೋಡಬೇಕು. ಮೈಕಲ್ ಫಾಸ್ಟರ್, ರೇ ಲ್ಯಾಂಕೆಸ್ಟರರಂಥವರು ಮೇಜಿನಿಂದ ಮೇಜಿಗೆ ಓಡಾಡಿ ಸಹಾಯ ಮಾಡಿದರು.

ನಾಲ್ಕು ವರ್ಷಗಳ ನಂತರ, 1875ರಲ್ಲಿ, ಹಕ್ಸ್ಲಿ ತಮ್ಮ ಶಿಷ್ಯ ಮಾರ್ಟಿನ್ ಜೊತೆ ಸೇರಿ ಈ ಕ್ರಮವನ್ನು ಪುಸ್ತಕವಾಗಿಸಿದರು. ಅದರ ಪರಿವಿಡಿ ನೋಡಿದರೆ ನಮ್ಮ ಯಾವ ಬಿ.ಎಸ್ಸಿ. ವಿದ್ಯಾರ್ಥಿಗೂ ಪರಿಚಿತರ ಮನೆಗೆ ಹೋದಂತಾಗುತ್ತದೆ: ಯೀಸ್ಟ್, ಅಮೀಬಾ, ಬ್ಯಾಕ್ಟೀರಿಯಾ, ಬೂಷ್ಟು, ಕಾರಾ ಎಂಬ ಪಾಚಿ, ಜರೀಗಿಡ, ಅವರೆ ಜಾತಿಯ ಒಂದು ಗಿಡ, ಹೈಡ್ರಾ, ಸಿಹಿನೀರಿನ ಚಿಪ್ಪುಜೀವಿ, ಕ್ರೇಫಿಶ್, ಕೊನೆಗೆ ಕಪ್ಪೆ. ಲಕ್ಷಾಂತರ ಜೀವಿಗಳನ್ನು ಯಾರೂ ಓದಿ ಮುಗಿಸಲಾರರು. ಒಂದೊಂದು ಗುಂಪಿಗೆ ಒಂದೊಂದು ಪ್ರತಿನಿಧಿಯನ್ನು ಆರಿಸಿ ಅದನ್ನು ಪೂರ್ತಿಯಾಗಿ ತಿಳಿದರೆ ಉಳಿದವಕ್ಕೆ ದಾರಿ ಸಿಗುತ್ತದೆ ಎಂಬುದು ಹಕ್ಸ್ಲಿಯವರ ಯೋಚನೆ. 'ಟೈಪ್ ಸ್ಟಡಿ' ಎಂದು ನಮ್ಮ ಲೆಕ್ಚರರುಗಳು ಇಂದಿಗೂ ಹೇಳುವುದು ಇದನ್ನೇ. ಇನ್ನೊಂದು ಸಂಗತಿ: ಹಕ್ಸ್ಲಿಯವರಿಗೆ ಗಿಡ, ಪ್ರಾಣಿ ಎರಡೂ ಒಂದೇ ಶಾಸ್ತ್ರದ ವಿಷಯ. ಯೀಸ್ಟಿನಿಂದ ಹೊರಟು ಕಪ್ಪೆಯವರೆಗೆ ಒಂದೇ ಮೇಜಿನ ಮೇಲೆ ನಡೆಯುವ ಪಯಣ.

ಅವರ ತರಗತಿಯಲ್ಲಿ ಕೂತವರಲ್ಲಿ ಮುಂದೆ ಕಾದಂಬರಿಕಾರರಾದ ಎಚ್.ಜಿ. ವೆಲ್ಸ್ ಕೂಡ ಒಬ್ಬರು. ಅವರು 1890ರಲ್ಲಿ ಲಂಡನ್ನಿನ ಬಿ.ಎಸ್ಸಿ. ಮುಗಿಸಿ, 1893ರಲ್ಲಿ ಅಂಚೆಯ ಮೂಲಕ ಓದುವ ವಿದ್ಯಾರ್ಥಿಗಳಿಗೆಂದು ಜೀವವಿಜ್ಞಾನದ ಪಠ್ಯಪುಸ್ತಕ ಬರೆದರು. ಹಕ್ಸ್ಲಿಯವರ ಬಳಿ ಕೆಲಸ ಮಾಡಿದ್ದ ಪಾರ್ಕರ್ ನ್ಯೂಜಿಲೆಂಡಿಗೆ ಹೋದರು. ಆಸ್ಟ್ರೇಲಿಯಾದಲ್ಲಿದ್ದ ಹ್ಯಾಸ್‌ವೆಲ್ ಜೊತೆ ಅವರು ಬರೆದ ಪ್ರಾಣಿಶಾಸ್ತ್ರದ ಎರಡು ದಪ್ಪ ಸಂಪುಟಗಳು 1897ರಲ್ಲಿ ಬಂದವು. 'ಪಾರ್ಕರ್ ಅಂಡ್ ಹ್ಯಾಸ್‌ವೆಲ್' ಇಲ್ಲದ ಹಳೆಯ ಝೂವಾಲಜಿ ವಿಭಾಗ ನಮ್ಮಲ್ಲಿ ಸಿಗುವುದು ಕಷ್ಟ.

ಭಾರತಕ್ಕೆ ಬಂದರೆ, 1857ರಲ್ಲಿ ಹುಟ್ಟಿದ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಲಂಡನ್ ಮಾದರಿಯವು. ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಅವುಗಳ ಕೆಲಸ, ಪಾಠವೆಲ್ಲ ಕಾಲೇಜುಗಳದು. ಮದರಾಸಿನಲ್ಲಿ ವಿಜ್ಞಾನವೂ ಬಹುಕಾಲ ಬಿ.ಎ. ಒಳಗೇ ಇತ್ತು. ಸಿ.ವಿ. ರಾಮನ್ 1904ರಲ್ಲಿ ಭೌತಶಾಸ್ತ್ರ ಓದಿ ಪಡೆದದ್ದು ಬಿ.ಎ. ಪದವಿ. ಮೈಸೂರು ಸಂಸ್ಥಾನದ ವಿದ್ಯಾರ್ಥಿಗಳೂ ಇದೇ ಮದರಾಸಿನ ಪರೀಕ್ಷೆಗಳಿಗೆ ಕೂರಬೇಕಿತ್ತು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ ಬೆಳೆದ ಸೆಂಟ್ರಲ್ ಕಾಲೇಜು ಆಗ ಮದರಾಸಿಗೇ ಸೇರಿದ್ದು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಬ್ರಿಟಿಷ್ ಆಡಳಿತದ ಹೊರಗೆ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಇದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಾ ವಿಷಯಗಳು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಎಂದು ಹಂಚಿಕೆಯಾಯಿತು. ಏನು ಓದಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ಮೊದಲ ಬಾರಿಗೆ ಈ ನೆಲದಲ್ಲೇ ಉಳಿಯಿತು. ಇದರ ಬೆಲೆ ಬೇರೆಲ್ಲೂ ಕಾಣದಷ್ಟು ಸ್ಪಷ್ಟವಾಗಿ ಜೀವವಿಜ್ಞಾನದಲ್ಲಿ ಕಾಣುತ್ತದೆ. ಭೌತಶಾಸ್ತ್ರದ ಲೋಲಕ ಲಂಡನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ಬಗೆಯಲ್ಲಿ ತೂಗುತ್ತದೆ. ಎರೆಹುಳು ಹಾಗಲ್ಲ.

ಎರೆಹುಳುವಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿದ್ದದ್ದು ಲಂಬ್ರಿಕಸ್ ಎಂಬ ಯುರೋಪಿನ ಹುಳು. ಅದರ ಮೈಮೇಲೆ ಒಂದೊಂದು ಉಂಗುರಕ್ಕೆ ನಾಲ್ಕು ಜೋಡಿ ಬಿರುಗೂದಲು, ಒಟ್ಟು ಎಂಟು. ನಮ್ಮ ತೋಟದ ಫೆರೆಟಿಮಾವನ್ನು ಕೈಗೆ ತೆಗೆದುಕೊಂಡು ಲೆನ್ಸಿನಲ್ಲಿ ನೋಡಿದರೆ ಉಂಗುರದ ಸುತ್ತಲೂ ಸಾಲಾಗಿ ಬಿರುಗೂದಲು. ಲಂಬ್ರಿಕಸ್‌ನಲ್ಲಿ ದಪ್ಪ ಪಟ್ಟಿಯಂತೆ ಕಾಣುವ ಭಾಗ 32ನೇ ಉಂಗುರದಿಂದ ಶುರುವಾಗುತ್ತದೆ. ಇಲ್ಲಿ ತಲೆಗೆ ಹತ್ತಿರವಾಗಿ, 14ರಿಂದ 16ನೇ ಉಂಗುರದವರೆಗೆ. ಒಳಗೆ ಬಿಡಿಸಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಲಂಬ್ರಿಕಸ್‌ನ ವಿಸರ್ಜನಾ ನಾಳಗಳು ಚರ್ಮದ ಮೇಲೆ ಹೊರಕ್ಕೆ ತೆರೆಯುತ್ತವೆ. ಫೆರೆಟಿಮಾದಲ್ಲಿ ಬಹುಸಂಖ್ಯೆಯ ನಾಳಗಳು ಕರುಳಿನೊಳಕ್ಕೇ ತೆರೆಯುತ್ತವೆ. ನೀರನ್ನು ಮೈಯಲ್ಲೇ ಉಳಿಸಿಕೊಳ್ಳಲು ಒಣನೆಲದ ಹುಳುವಿಗೆ ಅನುಕೂಲವಾದ ಏರ್ಪಾಡು. ಎಂದರೆ ಭಾರತದ ವಿದ್ಯಾರ್ಥಿ ಟ್ರೇಯಲ್ಲಿ ಕಂಡದ್ದನ್ನು ಇದ್ದಂತೆಯೇ ಬರೆದರೆ ಅದು ಪುಸ್ತಕಕ್ಕೆ ಹೊಂದುತ್ತಿರಲಿಲ್ಲ; ಪುಸ್ತಕದಂತೆ ಬರೆದರೆ ಟ್ರೇಗೆ ಹೊಂದುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ಬೇಕಾದವರು ಯಾವುದನ್ನು ನಂಬಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಫೆರೆಟಿಮಾದ ಈ ಕರುಳಿಗೆ ತೆರೆಯುವ ವ್ಯವಸ್ಥೆಯನ್ನು 1919ರಲ್ಲಿ ವಿವರಿಸಿದವರು ಕರಮ್ ನಾರಾಯಣ್ ಬಹಲ್. ಲಕ್ನೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಮೇಲೆ ಅವರು ಭಾರತದ ಪ್ರಾಣಿಗಳ ಮೇಲೆಯೇ ಒಂದೊಂದು ಪುಸ್ತಕ ಬರೆಸುವ ಮಾಲೆ ಶುರುಮಾಡಿದರು. 1926ರಲ್ಲಿ ಅವರದೇ ಫೆರೆಟಿಮಾ ಬಂತು. 1928ರಲ್ಲಿ ತಿಲ್ಲೈಯಂಪಲಂ ಎಂಬ ಮಹಿಳಾ ವಿಜ್ಞಾನಿ ಸ್ಕೋಲಿಯೋಡಾನ್ ಎಂಬ ನಮ್ಮ ಕಡಲಿನ ಸಣ್ಣ ಶಾರ್ಕಿನ ಬಗ್ಗೆ ಬರೆದರು. 1932ರಲ್ಲಿ ಬೈನಿ ಪ್ರಸಾದರ ಪೈಲಾ, ಅಂದರೆ ಗದ್ದೆ-ಕೆರೆಗಳ ದೊಡ್ಡ ಬಸವನಹುಳು. ಮುಂದೆ 1937ರಲ್ಲಿ ಪಟವರ್ಧನರ ಸೀಗಡಿ, 1941ರಲ್ಲಿ ಭಾಟಿಯಾ ಅವರ ಜಿಗಣೆ. ಕ್ರೇಫಿಶ್ ಹೋಗಿ ಸೀಗಡಿ ಬಂತು, ಲಂಬ್ರಿಕಸ್ ಹೋಗಿ ಫೆರೆಟಿಮಾ ಬಂತು. ಇಂದು ನಮ್ಮ ತಾಲೂಕು ಕಾಲೇಜಿನ ಗಾಜಿನ ಜಾಡಿಗಳ ಸಾಲಿನಲ್ಲಿ ಇದೇ ಪ್ರಾಣಿಗಳು ಕೂತಿರುವುದಕ್ಕೆ ಕಾರಣ ಈ ತೆಳ್ಳನೆಯ ಪುಸ್ತಕಗಳು. ಸ್ವಾತಂತ್ರ್ಯಕ್ಕೆ ಮುಂಚಿನ ಎರಡು ದಶಕಗಳಲ್ಲಿ ಸದ್ದಿಲ್ಲದೆ ನಡೆದ ಈ ಕೆಲಸವನ್ನು ನಾನು ಸ್ವದೇಶಿ ಚಳವಳಿಯ ಭಾಗವೆಂದೇ ಎಣಿಸುತ್ತೇನೆ.

ಅದೇ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದರು: ಸಿ.ಆರ್. ನಾರಾಯಣರಾವ್. 1882ರಲ್ಲಿ ಹುಟ್ಟಿದ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಹೆಂಡರ್ಸನ್ ಎಂಬ ಪ್ರಾಣಿತಜ್ಞರ ಕೈಕೆಳಗೆ ಓದಿದವರು. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರೇ. 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಪತ್ರಿಕೆ ಹೊರಟಾಗ ಮೊದಲ ಸಂಪಾದಕರೂ ಆದರು. ಆದರೆ ಅವರ ನಿಜವಾದ ಪ್ರೀತಿ ಕಪ್ಪೆಗಳ ಮೇಲೆ. ವಿದ್ಯಾರ್ಥಿಗಳಿಗೆ ಲ್ಯಾಬಿನಲ್ಲಿ ಒಂದೇ ಕಪ್ಪೆ. ಮೇಷ್ಟರಿಗೆ ಪಶ್ಚಿಮಘಟ್ಟದ ಕಪ್ಪೆಗಳೆಲ್ಲವೂ ಬೇಕು. 1920ರಲ್ಲಿ ಅವರು ಕೊಡಗಿನ ಬ್ರಹ್ಮಗಿರಿಯಲ್ಲಿ ಕಾವೇರಿಯ ಪವಿತ್ರ ಜೌಗುನೆಲದಿಂದ ಬಂದ ಒಂದು ಪುಟ್ಟ ಕಪ್ಪೆಯನ್ನು ಹೊಸ ಪ್ರಭೇದವೆಂದು ಗುರುತಿಸಿದರು. ಆ ಜಾಗವನ್ನೇ ನೆನಪಿಸುವ ನಿಕ್ಟಿಬಟ್ರಾಕಸ್ ಸ್ಯಾಂಕ್ಟಿಪಲುಸ್ಟ್ರಿಸ್ ಎಂಬ ಹೆಸರನ್ನಿಟ್ಟರು. 1937ರಲ್ಲಿ ಕೆಂಪುಹೊಳೆ, ಸಕಲೇಶಪುರದ ಕಾಡುಗಳಿಂದ ಇನ್ನಷ್ಟು ಹೊಸ ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದರು.

ಬಿ.ಎಸ್ಸಿ. ಪಾಠ ಮಾಡುವ ಮೇಷ್ಟರು ರಜೆಯಲ್ಲಿ ಘಟ್ಟಕ್ಕೆ ಹೋಗಿ ತಂದ ಜೀವಿ, ತರಗತಿಯ ಪಕ್ಕದ ಕೋಣೆಯ ಜಾಡಿಯಲ್ಲಿ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮಾದರಿಯಾಗಿ ಕೂತಿರುವುದು ವಿದ್ಯಾರ್ಥಿಗಳ ಮೇಲೆ ಏನು ಪರಿಣಾಮ ಬೀರಿರಬೇಡ! ಆ ವಿಭಾಗದಲ್ಲಿ ಅವರ ಗರಡಿಯಲ್ಲಿ ಬೆಳೆದ ಬಿ.ಆರ್. ಶೇಷಾಚಾರ್ ಸಿಸಿಲಿಯನ್‌ಗಳನ್ನು ಹಿಡಿದರು. ಕಪ್ಪೆಯ ಬಳಗದ್ದೇ ಆದರೂ ಕಾಲಿಲ್ಲದೆ, ಎರೆಹುಳುವಿನಂತೆ ಮಣ್ಣೊಳಗೆ ಬದುಕುವ ವಿಚಿತ್ರ ಪ್ರಾಣಿ ಇದು. 1939ರಲ್ಲಿ ತಿರುವಾಂಕೂರು ಸೀಮೆಯಿಂದ ಬಂದ ಹೊಸ ಸಿಸಿಲಿಯನ್ ಒಂದನ್ನು ಶೇಷಾಚಾರ್ ವಿವರಿಸಿದಾಗ ಅದಕ್ಕೆ ಯೂರಿಯೋಟಿಫ್ಲಸ್ ನಾರಾಯಣಿ ಎಂದು ಗುರುಗಳ ಹೆಸರನ್ನೇ ಇಟ್ಟರು. ಶೇಷಾಚಾರ್ ಮುಂದೆ ದೆಹಲಿ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರೂ ಆದರು. ನಾರಾಯಣರಾಯರು 1960ರಲ್ಲಿ ತೀರಿಕೊಂಡರು. ದುಃಖದ ಸಂಗತಿಯೆಂದರೆ, ಅವರು ಕಾಲೇಜಿನಲ್ಲಿ ಇರಿಸಿದ್ದ ಮೂಲ ಮಾದರಿಗಳಲ್ಲಿ ಅನೇಕವು ಕಳೆದುಹೋಗಿವೆ. ಅವರ ಕೆಲವು ಕಪ್ಪೆಗಳು ನಿಜವಾಗಿ ಯಾವುವು ಎಂದು ತೀರ್ಮಾನಿಸಲು ಮುಂದಿನವರು ಮತ್ತೆ ಅದೇ ಕಾಡುಗಳಿಗೆ ಹೋಗಿ ಹುಡುಕಬೇಕಾಯಿತು.

ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಿಂದ ಹೊರಬಂದವರಲ್ಲಿ ಕನ್ನಡಿಗರಿಗೆ ಪರಿಚಯಿಸಬೇಕಿಲ್ಲದ ಹೆಸರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ. ಅವರ ಮಗ. ಇಲ್ಲಿ ಆನರ್ಸ್ ಓದಿ, ಆರ್ಕಿಡ್ ಗಿಡಗಳ ಭ್ರೂಣದ ಬೆಳವಣಿಗೆಯ ಮೇಲೆ ಸಂಶೋಧನೆ ಮಾಡಿ, ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದರು. ಸಾರ್ಕಾಂಡ್ರಾ ಎಂಬ ಗಿಡದ ಕಾಂಡದಲ್ಲಿ ಉಳಿದ ಹೂಗಿಡಗಳಲ್ಲಿರುವಂಥ ನೀರುಕೊಳವೆಗಳಿಲ್ಲ ಎಂದು ಗುರುಶಿಷ್ಯರಿಬ್ಬರೂ ತೋರಿಸಿದ್ದು 1950ರಲ್ಲಿ. ಆ ಕುಲದ ದಕ್ಷಿಣ ಭಾರತದ ಪ್ರಭೇದಕ್ಕೆ ಸ್ವಾಮಿ ಕೂಡ ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟರಾದ ಮೇಲೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆಯೇ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಅತ್ಯಂತ ಪ್ರೀತಿಯ ಪುಸ್ತಕಗಳಲ್ಲಿ ಒಂದಾದ ಇದು ಮೂಲತಃ ಒಂದು ಬಾಟನಿ ಟೂರಿನ ಕಥನ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಅದರ ಚಿತ್ರಗಳನ್ನೂ ಸ್ವಾಮಿಯವರೇ ಬರೆದರು. ಗಿಡ ನೋಡಿ ಗೆರೆ ಎಳೆಯುವ ಆ ಕೈ ಪಳಗಿದ್ದು ಪ್ರಾಕ್ಟಿಕಲ್ ಮೇಜಿನ ಮೇಲೆ.

ಆ ಮೇಜಿನ ಮೇಲೆ ಏನು ನಡೆಯುತ್ತದೆ ಎಂಬುದನ್ನು ಓದದವರಿಗೂ ಹೇಳಬೇಕು. ಬಾಟನಿ ಲ್ಯಾಬಿನ ಮೊದಲ ಪಾಠ ಸೆಕ್ಷನ್ ಹಾಕುವುದು. ಕರ್ಣಕುಂಡಲದ ಎಳೆಕಾಂಡದ ತುಂಡನ್ನು ಎಡಗೈಯ ಹೆಬ್ಬೆರಳು-ತೋರುಬೆರಳ ನಡುವೆ ನೆಟ್ಟಗೆ ಹಿಡಿಯಬೇಕು. ಎಲೆಯಾದರೆ ತಾನಾಗಿ ನಿಲ್ಲುವುದಿಲ್ಲ. ಕ್ಯಾರೆಟ್ ತುಂಡನ್ನು ಸೀಳಿ ಅದರ ನಡುವೆ ಸಿಕ್ಕಿಸಬೇಕು. ಬ್ಲೇಡನ್ನು ನೀರಿನಲ್ಲಿ ಒದ್ದೆಮಾಡಿ ಒಂದೇ ಎಳೆತಕ್ಕೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಕೆಟ್ಟಿತು. ಕತ್ತರಿಸಿದ ಬಿಲ್ಲೆಗಳು ವಾಚ್ ಗ್ಲಾಸಿನ ನೀರಿನಲ್ಲಿ ತೇಲುತ್ತವೆ. ಅವುಗಳಲ್ಲಿ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗಿನದನ್ನು ಬ್ರಷ್ಷಿನ ತುದಿಯಿಂದ ಎತ್ತಿ ಸಾಫ್ರನಿನ್ ಬಣ್ಣದಲ್ಲಿ ಅದ್ದಿ, ತೊಳೆದು, ಸ್ಲೈಡಿನ ಮೇಲೆ ಗ್ಲಿಸರಿನ್ ಹನಿಯಲ್ಲಿ ಮಲಗಿಸಿ, ಕವರ್‌ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ ಒಂದು ಅಂಚಿನಿಂದ ನಿಧಾನಕ್ಕೆ ಇಳಿಸಬೇಕು. ಗಾಳಿಗುಳ್ಳೆ ಸೇರಿತೋ, ಸೂಕ್ಷ್ಮದರ್ಶಕದಲ್ಲಿ ಕಪ್ಪು ಅಂಚಿನ ದೊಡ್ಡ ಉಂಗುರ ಕಾಣುತ್ತದೆ, ಮೊದಲ ವರ್ಷದವರು ಅದನ್ನೇ ಜೀವಕೋಶವೆಂದು ಬರೆದುಬಿಡುತ್ತಾರೆ. ಎಲ್ಲವೂ ಸರಿಯಾದರೆ ಕೆಂಪಗೆ ಬಣ್ಣ ಹಿಡಿದ ಕ್ಸೈಲಂ ಗುಂಪುಗಳು ವೃತ್ತಾಕಾರದಲ್ಲಿ ಹೊಳೆಯುತ್ತವೆ. ತಾನೇ ಕೊಯ್ದ, ತಾನೇ ಬಣ್ಣಹಾಕಿದ ಗಿಡದೊಳಗಿನ ನೀರಿನ ದಾರಿಯನ್ನು ಹದಿನೆಂಟರ ಹುಡುಗಿಯೊಬ್ಬಳು ಮೊದಲ ಸಲ ಕಂಡಾಗ ಅವಳ ಮುಖ ನೋಡಬೇಕು.

ಕಂಡದ್ದನ್ನು ರೆಕಾರ್ಡಿನಲ್ಲಿ ಬರೆಯಬೇಕು. ಧಾರವಾಡದ ಕಡೆ ಅದಕ್ಕೆ ಜರ್ನಲ್ ಎನ್ನುತ್ತಾರೆ. ಚೂಪಾದ ಪೆನ್ಸಿಲ್, ಒಂದೇ ಗೆರೆ, ಬಲಬದಿಗೆ ಹೆಸರುಗಳು. ಪರೀಕ್ಷೆಯ ದಿನ ಸ್ಪಾಟರ್ಸ್ ಬೇರೆ. ಸಾಲಾಗಿ ಇಟ್ಟ ಸ್ಲೈಡು, ಜಾಡಿ, ಮೂಳೆ, ಒಣಗಿಸಿದ ಗಿಡ. ಒಂದೊಂದರ ಮುಂದೆಯೂ ಎರಡು ಮೂರು ನಿಮಿಷ, ಗಂಟೆ ಬಾರಿಸಿದಾಗ ಮುಂದಿನದಕ್ಕೆ. ಜಾಡಿಯ ಲೇಬಲ್ಲಿನ ಮೇಲೆ ಕಾಗದ ಅಂಟಿಸಿರುತ್ತಾರೆ. ಫಾರ್ಮಾಲಿನ್ನಿನಲ್ಲಿ ಬಣ್ಣಗೆಟ್ಟ ಆಕೃತಿಯನ್ನು ಕಣ್ಣೇ ಗುರುತಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಈ ಮೇಜು ಏನು ಕೊಡುತ್ತದೆ ಎಂಬುದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಪಿಯುಸಿಯಲ್ಲಿ ಇಂಗ್ಲಿಷ್ ಎದುರಾದಾಗ ತತ್ತರಿಸಿ, ಥಿಯರಿ ತರಗತಿಯಲ್ಲಿ ಅರ್ಧ ಅರ್ಥವಾಗದೆ ಹಿಂದಿನ ಬೆಂಚಿಗೆ ಸರಿದವರು ನಮ್ಮಲ್ಲಿ ಸಾವಿರಾರು. ಲ್ಯಾಬಿಗೆ ಬಂದರೆ ಪರಿಸ್ಥಿತಿ ತಿರುಗುತ್ತದೆ. ಕುಡುಗೋಲು ಹಿಡಿದು ಗೊತ್ತಿರುವ ಕೈಗೆ ಬ್ಲೇಡು ಹೇಳಿದಂತೆ ಕೇಳುತ್ತದೆ. ಹೊಲದ ಕಳೆಗಳನ್ನು ಕಿತ್ತವಳಿಗೆ ಗಿಡಗಳ ಕುಟುಂಬ ಗುರುತಿಸುವುದು ಹೊಸದಲ್ಲ. ತುಂಬೆ, ತುಳಸಿ, ದೊಡ್ಡಪತ್ರೆಗಳ ಚೌಕ ಕಾಂಡವನ್ನು ಬೆರಳಲ್ಲಿ ಹೊರಳಿಸಿ 'ಇವೆಲ್ಲ ಒಂದೇ ಮನೆಯವು' ಎಂದು ತೋರಿಸಿಕೊಟ್ಟರೆ ಲೇಮಿಯೇಸಿ ಎಂಬ ಕುಟುಂಬ ಅವಳಿಗೆ ಜನ್ಮದಲ್ಲಿ ಮರೆಯುವುದಿಲ್ಲ. ಚಿತ್ರ ಬರೆಯಲು ಇಂಗ್ಲಿಷ್ ಬೇಕಿಲ್ಲ. ಈ ಸಮಾನತೆಯನ್ನು ಒಂದು ಸರ್ಕಾರಿ ಕಾಲೇಜಿನ ಲ್ಯಾಬು, ಒಬ್ಬ ಅಟೆಂಡರ್, ಹತ್ತು ಹಳೆಯ ಸೂಕ್ಷ್ಮದರ್ಶಕಗಳು ದಶಕಗಳಿಂದ ಕೊಡುತ್ತ ಬಂದಿವೆ.

ಏಕೀಕರಣದ ಮುಂಚೆಯೇ ಉತ್ತರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ. ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. 1980ರಲ್ಲಿ ಮಂಗಳೂರು, ಗುಲ್ಬರ್ಗ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. ಇಂಟರ್‌ಮೀಡಿಯೆಟ್ ಹೋಗಿ ಪಿಯುಸಿ ಬಂತು, ಬಿ.ಎಸ್ಸಿ. ಮೂರು ವರ್ಷದ್ದಾಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಇಂದು ನಾನೂರಕ್ಕೂ ಹೆಚ್ಚು. ಇವುಗಳಲ್ಲಿ ವಿಜ್ಞಾನ ವಿಭಾಗ ಇದ್ದಲ್ಲೆಲ್ಲ ಸಿಬಿಝಡ್ ಇದ್ದೇ ಇರುತ್ತಿತ್ತು.

ವಿಶ್ವವಿದ್ಯಾನಿಲಯಗಳ ಸಂಶೋಧನೆಯ ಒಲವು ಪದವಿ ತರಗತಿಗೂ ಇಳಿಯಿತು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಡ್ರೊಸೊಫಿಲಾ ನೊಣಕ್ಕೆ ಹೆಸರಾಯಿತು. ಬಾಳೆಹಣ್ಣು ಕೊಳೆತರೆ ಮುತ್ತುವ ಆ ಪುಟ್ಟ ನೊಣದ ಹೊಸ ಪ್ರಭೇದವೊಂದಕ್ಕೆ 1970ರಲ್ಲಿ ಡ್ರೊಸೊಫಿಲಾ ಮೈಸೂರೆನ್ಸಿಸ್ ಎಂಬ ಹೆಸರೂ ಬಂತು. ಧಾರವಾಡದಲ್ಲಿ ಎಸ್.ಕೆ. ಸೈದಾಪುರ ಮತ್ತು ಅವರ ಸಂಗಡಿಗರು ಕಪ್ಪೆಗಳ ಸಂತಾನೋತ್ಪತ್ತಿಯ ಋತುಚಕ್ರವನ್ನು ದಶಕಗಟ್ಟಲೆ ಅಭ್ಯಾಸ ಮಾಡಿದರು. ರೇಷ್ಮೆ ನಾಡಿನಲ್ಲಿ ಸೆರಿಕಲ್ಚರ್ ಒಂದು ಐಚ್ಛಿಕ ವಿಷಯವಾಗಿ ಸೇರಿತು. ಆಮೇಲೆ ಬಯೋಟೆಕ್ನಾಲಜಿ, ಮೈಕ್ರೊಬಯಾಲಜಿ ಬಂದು ಎಷ್ಟೋ ಕಡೆ ಬಾಟನಿ-ಝೂವಾಲಜಿಯ ಬೆಂಚುಗಳನ್ನು ಖಾಲಿ ಮಾಡಿಸಿದವು.

ಈ ನಡುವೆ ಕಪ್ಪೆಗೆ ಕಷ್ಟಕಾಲ ಬಂದಿತ್ತು. ಪ್ರತಿ ವರ್ಷ ಪಿಯುಸಿಯಿಂದ ಎಂ.ಎಸ್ಸಿ.ವರ‍ೆಗೆ ದೇಶದಾದ್ಯಂತ ಡಿಸೆಕ್ಷನ್ ಟ್ರೇಗಳಿಗೆ ಬೇಕಾದ ಕಪ್ಪೆಗಳನ್ನು ಸಾಕಿದವರಿಲ್ಲ, ಎಲ್ಲ ಗದ್ದೆ-ಹೊಂಡಗಳಿಂದ ಹಿಡಿದವು. ಅದರ ಮೇಲೆ ವಿದೇಶದ ಊಟದ ಮೇಜಿಗೆ ಕಪ್ಪೆಕಾಲಿನ ರಫ್ತು. ಗದ್ದೆಯಲ್ಲಿ ಕೀಟ ತಿನ್ನುವ ಪ್ರಾಣಿ ಕಡಿಮೆಯಾಗುತ್ತಿದೆ ಎಂಬ ಕೂಗೆದ್ದು 1987ರಲ್ಲಿ ರಫ್ತು ನಿಂತಿತು. ಲ್ಯಾಬುಗಳ ವಿಷಯ ಇನ್ನಷ್ಟು ಕಾಲ ಎಳೆಯಿತು. 2011ರಲ್ಲಿ ಯುಜಿಸಿ ಡಿಸೆಕ್ಷನ್ನನ್ನು ಹಂತಹಂತವಾಗಿ ಕಡಿಮೆ ಮಾಡಲು ಮಾರ್ಗಸೂಚಿ ಕೊಟ್ಟಿತು. 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಪೂರ್ತಿ ನಿಲ್ಲಿಸಲು ಸೂಚಿಸಿತು. ಕಪ್ಪೆಯ ಕಪಾಲ ನರಗಳು, ಶಾರ್ಕಿನ ಐದನೆಯ ಮತ್ತು ಹತ್ತನೆಯ ನರ, ಜಿರಳೆಯ ಲಾಲಾಗ್ರಂಥಿ ಇವೆಲ್ಲ ಒಂದು ತಲೆಮಾರಿನ ನೆನಪಾದವು.

ಈ ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ. ಡಾಕ್ಟರಾಗದ, ಶಸ್ತ್ರಚಿಕಿತ್ಸೆ ಕಲಿಯಬೇಕಿಲ್ಲದ ವಿದ್ಯಾರ್ಥಿಗೆ ಒಂದು ಜೀವ ತೆಗೆದು ನರ ಎಳೆಯುವ ಅಗತ್ಯವಿರಲಿಲ್ಲ. ಆದರೆ ತೆರವಾದ ಜಾಗಕ್ಕೆ ನಾವು ತಂದು ಕೂರಿಸಿದ್ದೇನು? ಗೋಡೆಯ ಚಾರ್ಟು, ಕಂಪ್ಯೂಟರಿನ ಚಿತ್ರ. ಚಾರ್ಟು ನೋಡಿ ರೆಕಾರ್ಡಿಗೆ ಇಳಿಸುವ ಪ್ರಾಕ್ಟಿಕಲ್ಲು ಹಕ್ಸ್ಲಿಗಿಂತ ಹಿಂದಿನ ಕಾಲದ್ದು. ಪುಸ್ತಕದ ಲಂಬ್ರಿಕಸ್ ನೋಡಿ ಫೆರೆಟಿಮಾ ಎಂದು ಬರೆಯುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಕತ್ತರಿ ಕೆಳಗಿಟ್ಟ ಕೈಗೆ ಲೆನ್ಸು, ಟಾರ್ಚು, ನೋಟ್‌ಬುಕ್ಕು ಕೊಟ್ಟು ಕೆರೆಯ ಏರಿಗೆ ಕಳಿಸಬೇಕಿತ್ತು. ಕೆಲವು ಮೇಷ್ಟರು ತಾವಾಗಿಯೇ ಹಾಗೆ ಮಾಡಿದ್ದಾರೆ. ಅವರ ಶಿಷ್ಯರಿಗೆ ಅದರ ಬೆಲೆ ಗೊತ್ತು.

2021-22ರಲ್ಲಿ ಹೊಸ ಶಿಕ್ಷಣ ನೀತಿಯನ್ನು ಕರ್ನಾಟಕವೇ ಮೊದಲಾಗಿ ಜಾರಿಗೆ ತಂದಾಗ ಮೂರು ಮುಖ್ಯ ವಿಷಯಗಳ ಗುಂಪು ಒಡೆಯಿತು. ವಿದ್ಯಾರ್ಥಿಗಳು ಎರಡನ್ನು ಆರಿಸಿಕೊಳ್ಳಬೇಕಾಯಿತು, ನಾಲ್ಕನೇ ವರ್ಷದ ಆನರ್ಸ್ ಎಂಬ ಅವಕಾಶವೂ ಬಂತು. ಬಾಟನಿ ಬಿಡಬೇಕೋ ಝೂವಾಲಜಿ ಬಿಡಬೇಕೋ, ನಾಳೆ ಸಿಬಿಝಡ್ ಶಿಕ್ಷಕರ ಹುದ್ದೆಗೆ ಇದು ನಡೆಯುತ್ತದೋ ಇಲ್ಲವೋ ಎಂಬ ಆತಂಕ ಊರೂರ ಕಾಲೇಜುಗಳಲ್ಲಿ ಇತ್ತು. ಸರ್ಕಾರ ಬದಲಾದ ಮೇಲೆ ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಮೂರು ವರ್ಷ, ಮೂರು ಮುಖ್ಯ ವಿಷಯಗಳ ಪದ್ಧತಿ ಮರಳಿತು. ಮೂರೂ ಒಟ್ಟಿಗಿರುವುದು ಒಳ್ಳೆಯದೆಂದು ನಾನು ನಂಬುತ್ತೇನೆ. ಗಿಡ ಬಿಟ್ಟು ಕಪ್ಪೆ, ಕಪ್ಪೆ ಬಿಟ್ಟು ಗಿಡ ಅರ್ಥವಾಗುವುದಿಲ್ಲ, ರಸಾಯನ ಬಿಟ್ಟು ಎರಡೂ ಅರ್ಥವಾಗುವುದಿಲ್ಲ. ಆದರೆ ನಾಲ್ಕು ವರ್ಷದೊಳಗೆ ಎರಡು ಸಲ ಪಠ್ಯಕ್ರಮ ತಿರುವಿಹಾಕಿದ ಭಾರ ಬಿದ್ದದ್ದು ವಿದ್ಯಾರ್ಥಿಗಳ ಮತ್ತು ಅತಿಥಿ ಉಪನ್ಯಾಸಕರ ತಲೆಯ ಮೇಲೆ. ಲ್ಯಾಬಿನ ಸಾಮಾನು ಖರೀದಿ, ಪ್ರಾಕ್ಟಿಕಲ್ ಗಂಟೆಗಳು, ಕ್ಷೇತ್ರ ಪ್ರವಾಸದ ಹಣ ಇವುಗಳ ಬಗ್ಗೆ ಅಷ್ಟೇ ಬಿರುಸಿನ ಚರ್ಚೆ ನಡೆದದ್ದು ನಾನು ಕೇಳಿಲ್ಲ.

2010ರಲ್ಲಿ ವಿಜ್ಞಾನಿಗಳು ದಕ್ಷಿಣ ಭಾರತದ ಪೊದೆಕಪ್ಪೆಗಳ ಒಂದು ದೊಡ್ಡ ಗುಂಪನ್ನು ಹೊಸ ಕುಲವಾಗಿ ಬೇರ್ಪಡಿಸಿದಾಗ ಅದಕ್ಕೆ ರಾಓರ್ಕೆಸ್ಟಿಸ್ ಎಂದು ಹೆಸರಿಟ್ಟರು. ಹೆಸರಿನ ಮೊದಲಲ್ಲಿರುವ 'ರಾವ್' ಸೆಂಟ್ರಲ್ ಕಾಲೇಜಿನ ನಾರಾಯಣರಾಯರು. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಶರಾವತಿ ಸೀಮೆಯ ಕತ್ತಲೆಕಾನಿನಿಂದ ನಿಕ್ಟಿಬಟ್ರಾಕಸ್ ಕುಂಬಾರ ಎಂಬ ಇನ್ನೊಂದನ್ನು ವಿವರಿಸಿದರು. ರಾಯರು 1920ರಲ್ಲಿ ಹೆಸರಿಟ್ಟ ಬ್ರಹ್ಮಗಿರಿಯ ಕಪ್ಪೆಯ ಕುಲದ್ದೇ ಇದು. ಇದರ ಗಂಡು, ಹೆಣ್ಣು ಮೊಟ್ಟೆಯಿಟ್ಟ ಮೇಲೆ ತೊರೆಯಿಂದ ಮುಂಗೈಯಲ್ಲಿ ಕೆಸರು ಎತ್ತಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಡಿಸೆಕ್ಷನ್ ಟ್ರೇಯಲ್ಲಿ ಎಷ್ಟು ನರ ಎಳೆದರೂ ಇದು ಕಾಣುತ್ತಿರಲಿಲ್ಲ. ಮಳೆಗಾಲದ ರಾತ್ರಿ ತೊರೆಯ ದಂಡೆಯಲ್ಲಿ ಕೂತು ನೋಡಿದವರಿಗೆ ಕಂಡಿತು. ಸಾಗರ, ತೀರ್ಥಹಳ್ಳಿ, ಸಕಲೇಶಪುರ, ಮಡಿಕೇರಿಗಳ ಕಾಲೇಜುಗಳಲ್ಲಿ ಸಿಬಿಝಡ್ ಓದುವ ಹುಡುಗ ಹುಡುಗಿಯರಿಗೆ ಇಂಥ ತೊರೆಗಳು ಬಸ್ಸಿನ ದೂರದಲ್ಲಿವೆ. ಆರು ಸೆಮಿಸ್ಟರುಗಳಲ್ಲಿ ಒಂದೇ ಒಂದು ಮಳೆಗಾಲ, ಒಂದು ತೊರೆ, ಅದರ ಕಪ್ಪೆಗಳ ಕೂಗು, ಮೊಟ್ಟೆ, ದಿನಾಂಕಗಳ ದಾಖಲೆಯನ್ನು ಪ್ರಾಕ್ಟಿಕಲ್ ರೆಕಾರ್ಡಿನ ಕಡ್ಡಾಯ ಭಾಗ ಮಾಡಿ, ಆ ರೆಕಾರ್ಡುಗಳನ್ನು ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹಾಕದೆ ವಿಭಾಗದ ಬೀರುವಿನಲ್ಲಿ ವರ್ಷವಾರು ಜೋಡಿಸಿಡುವ ಕೆಲಸಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ನೀತಿಯೂ ಬೇಡ. ಪಠ್ಯಕ್ರಮ ಸಮಿತಿಯ ಮುಂದಿನ ಸಭೆಯಲ್ಲೇ ಇದನ್ನು ಸೇರಿಸಬಹುದು.